ಲ್ಯಾವೆಲ್ ರಸ್ತೆಗೂ ಸತ್ತೇಗಾಲಕ್ಕೂ ಏನು ಸಂಬಂಧ?

ಮನೆ, ನಿವೇಶನ ಮಾರುವವರ ಜಾಹೀರಾತುಗಳಲ್ಲಿ ‘ಪ್ರತಿಷ್ಠಿತ ಬಡಾವಣೆ’ ಎಂಬ ಮಾತು ಪದೇ ಪದೇ ಕಾಣಿಸುತ್ತದೆ. ಯಾವ ಬಡಾವಣೆಯೂ ಹುಟ್ಟುವಾಗಲೇ ಪ್ರತಿಷ್ಠೆ ಹೊತ್ತು ಬರುವುದಿಲ್ಲ. ಎತ್ತರದ ಜಾಗ, ಒಳ್ಳೆಯ ಗಾಳಿ, ಅಗಲವಾದ ರಸ್ತೆ, ಸಾಲುಮರಗಳು ಬೇಕು ಎಂಬುದೇನೋ ನಿಜ. ಆದರೆ ಇವೆಲ್ಲ ಇದ್ದೂ ಹತ್ತರಲ್ಲಿ ಹನ್ನೊಂದಾಗಿ ಉಳಿದ ಊರುಗಳು ಎಷ್ಟೋ ಇವೆ. ಇಂಥವರು ಇಲ್ಲಿಗೆ ಬರಬಹುದು, ಇಂಥವರು ಬರಕೂಡದು ಎಂಬ ಕಟ್ಟಳೆ ಬಿದ್ದ ಮೇಲೆಯೇ ಒಂದು ಬಡಾವಣೆಗೆ ಪ್ರತಿಷ್ಠೆ ಬರುವುದು. ಕಟ್ಟಳೆ ಬರವಣಿಗೆಯಲ್ಲಿ ಇರಬೇಕೆಂದೇನೂ ಇಲ್ಲ. ಗೇಟು, ಕಾವಲುಗಾರ ಮತ್ತು ಬೆಲೆ, ಈ ಮೂರಿದ್ದರೆ ಸಾಕು.

ಬೆಂಗಳೂರಿನ ನಡುಮಧ್ಯದಲ್ಲಿರುವ ಲ್ಯಾವೆಲ್ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ರೆಸಿಡೆನ್ಸಿ ರಸ್ತೆ, ವಿಠಲ್ ಮಲ್ಯ ರಸ್ತೆಗಳ ಸುತ್ತಲಿನ ಪ್ರದೇಶ ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಬದಿಗೆ ಕಬ್ಬನ್ ಪಾರ್ಕು, ಇನ್ನೊಂದು ಬದಿಗೆ ಮಹಾತ್ಮ ಗಾಂಧಿ ರಸ್ತೆ. ಕಾಲ್ನಡಿಗೆಯಲ್ಲಿ ಅರ್ಧ ಗಂಟೆಯೊಳಗೆ ಸುತ್ತಿ ಮುಗಿಸಬಹುದಾದ ಈ ಜಾಗದಲ್ಲಿ ರಾಜ್ಯದ ಅತಿ ದುಬಾರಿ ಮನೆಗಳು, ಹಳೆಯ ಕ್ಲಬ್ಬು, ವಿದೇಶಿ ಸರಕಿನ ಅಂಗಡಿಗಳು ಇವೆ. ಆದರೆ ಈ ಪ್ರದೇಶದ ಚರಿತ್ರೆಯನ್ನು ಬೆಂಗಳೂರಿನಲ್ಲೇ ನಿಂತು ಹೇಳಿದರೆ ಅರ್ಧ ಮಾತ್ರ ಹೇಳಿದಂತೆ. ಉಳಿದರ್ಧ ಸುಮಾರು ನೂರಿಪ್ಪತ್ತು ಕಿಲೋಮೀಟರ್ ದೂರದಲ್ಲಿ, ಕೊಳ್ಳೇಗಾಲ ತಾಲ್ಲೂಕಿನ ಸತ್ತೇಗಾಲದ ಆಸುಪಾಸಿನಲ್ಲಿ, ಕಾವೇರಿಯ ದಂಡೆಯ ಮೇಲಿದೆ.

ಪೇಟೆ ಬೇರೆ, ದಂಡು ಬೇರೆ

ಊರೊಳಗೆ ಗೆರೆ ಎಳೆಯುವ ವಿದ್ಯೆಯನ್ನು ನಮಗೆ ಇಂಗ್ಲಿಷರೇ ಬಂದು ಕಲಿಸಬೇಕಾಗಿರಲಿಲ್ಲ. ಕೋಟೆ, ಪೇಟೆ, ಅಗ್ರಹಾರ, ಕೇರಿ ಎಂಬ ಮಾತುಗಳೇ ಯಾರು ಎಲ್ಲಿರಬೇಕು ಎಂಬುದನ್ನು ಹೇಳುತ್ತವೆ. ಬೆಂಗಳೂರು ಪೇಟೆಯಲ್ಲಿ ಅಕ್ಕಿಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಎಂದು ಸರಕಿಗೊಂದು, ಕಸುಬಿಗೊಂದು ಬೀದಿ ಇತ್ತು. ಕಸುಬಿನ ಬೆನ್ನಿಗೆ ಜಾತಿಯೂ ಇತ್ತು. ಆದರೂ ಪೇಟೆ ಇಕ್ಕಟ್ಟಾದ ಜಾಗ. ಸಾಹುಕಾರನ ಮನೆ ಅವನ ಅಂಗಡಿಯ ಹಿಂದೆಯೋ ಮೇಲೆಯೋ ಇರುತ್ತಿತ್ತು, ಅವನ ಬಾಗಿಲಲ್ಲೇ ಮೂಟೆ ಹೊರುವವನು ನಿಂತಿರುತ್ತಿದ್ದ. ಬೇರೆ ಬೇರೆಯಾಗಿದ್ದರೂ ಒಬ್ಬರ ಕಣ್ಣಿಗೆ ಒಬ್ಬರು ಬೀಳುತ್ತಲೇ ಬದುಕುವ ಊರು ಅದು.

ದಂಡು ಹಾಗಲ್ಲ. 1799ರಲ್ಲಿ ಟಿಪ್ಪು ಸುಲ್ತಾನ ಮಡಿದ ಮೇಲೆ ಇಂಗ್ಲಿಷರ ಸೈನ್ಯ ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿತು. ಅಲ್ಲಿನ ಜ್ವರ ಸಿಪಾಯಿಗಳನ್ನು ಹಣ್ಣುಮಾಡಿತು. ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದ ಬೆಂಗಳೂರಿನ ತಂಪು ಹವೆ ಅವರನ್ನು ಸೆಳೆಯಿತು. 1809ರಲ್ಲಿ ಹಲಸೂರಿನ ಪಕ್ಕದಲ್ಲಿ, ಪೇಟೆಯಿಂದ ಸಾಕಷ್ಟು ದೂರದಲ್ಲಿ, ದಂಡು ನೆಲೆಗೊಂಡಿತು. ನಡುವೆ ಕವಾಯತಿನ ಮೈದಾನ, ಅದರ ದಕ್ಷಿಣಕ್ಕೆ ಸೌತ್ ಪೆರೇಡ್ ಎಂಬ ರಸ್ತೆ. ಇಂದಿನ ಮಹಾತ್ಮ ಗಾಂಧಿ ರಸ್ತೆ ಅದೇ. ಆ ರಸ್ತೆಯ ತುದಿಯಲ್ಲಿ ಸೇಂಟ್ ಮಾರ್ಕ್ಸ್ ಚರ್ಚು 1812ರ ಹೊತ್ತಿಗೆ ಎದ್ದು ನಿಂತಿತು. ಅಧಿಕಾರಿಗಳ ಬಂಗಲೆಗಳು ಮೈದಾನದ ದಕ್ಷಿಣಕ್ಕೆ ಹರಡಿಕೊಂಡವು.

1831ರಲ್ಲಿ ಮೈಸೂರಿನ ಆಡಳಿತ ಇಂಗ್ಲಿಷ್ ಕಮಿಷನರುಗಳ ಕೈಗೆ ಹೋಯಿತು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಬೆಂಗಳೂರಿನಿಂದಲೇ ರಾಜ್ಯವಾಳಿದ. ಅವನು ಕಟ್ಟಿಸಿದ ಮನೆ ಮುಂದೆ ರೆಸಿಡೆನ್ಸಿಯಾಯಿತು, ಈಗ ಅದು ರಾಜಭವನ. 1870ರಲ್ಲಿ ಪೇಟೆಗೂ ದಂಡಿಗೂ ನಡುವಿನ ಬಯಲು ಉದ್ಯಾನವಾಗಿ ಬೆಳೆಯತೊಡಗಿತು. ಕಬ್ಬನ್ ಪಾರ್ಕು ಎಂದು ಈಗ ಎಲ್ಲರೂ ಕರೆಯುವುದು ಅದನ್ನೇ.

1881ರಲ್ಲಿ ರಾಜ್ಯ ಮರಳಿ ಒಡೆಯರಿಗೆ ಸಂದಿತು. ಆದರೆ ದಂಡು ಮರಳಲಿಲ್ಲ. ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ಅದು ಇಂಗ್ಲಿಷ್ ರೆಸಿಡೆಂಟನ ಕೈಯಲ್ಲೇ ಉಳಿಯಿತು. ಮೈಸೂರು ಮಹಾರಾಜರ ರಾಜ್ಯದ ನಟ್ಟನಡುವೆ ಮಹಾರಾಜರ ಪೊಲೀಸರಿಗೆ, ನ್ಯಾಯಾಲಯಗಳಿಗೆ ಅಧಿಕಾರವಿಲ್ಲದ ಒಂದು ತುಂಡು ನೆಲ! 1862ರಿಂದಲೇ ಎರಡು ಊರುಗಳಿಗೂ ಬೇರೆ ಬೇರೆ ಮುನಿಸಿಪಾಲಿಟಿ ಇದ್ದವು. ಪೇಟೆಯವರು ಪಾರ್ಕು ದಾಟಿದರೆಂದರೆ ಮತ್ತೊಂದು ಸರ್ಕಾರದ ಎಲ್ಲೆಯೊಳಗೆ ಕಾಲಿಟ್ಟಂತೆಯೇ. ಈ ವ್ಯವಸ್ಥೆ 1947ರ ಜುಲೈವರೆಗೂ ನಡೆಯಿತು. ನಗರದ ನಡುಭಾಗದ ಪ್ರತಿಷ್ಠೆಯ ಮೊದಲ ಗೆರೆ ಎಳೆದದ್ದು ಹಣವಲ್ಲ, ಸರ್ಕಾರ.

ಬಂಗಲೆಯ ಮುಂದು, ಬಂಗಲೆಯ ಹಿಂದು

ದಂಡಿನ ಬಂಗಲೆಯ ವಿನ್ಯಾಸವೇ ಅಲ್ಲಿನ ಬದುಕಿನ ನಕ್ಷೆ. ಎಕರೆಗಟ್ಟಲೆ ಕಾಂಪೌಂಡು, ಒಳಬರಲು ಒಂದು ಗೇಟು, ಹೊರಹೋಗಲು ಇನ್ನೊಂದು. ಗಾಡಿ ನಿಲ್ಲಲು ಪೋರ್ಟಿಕೊ, ಅದರ ಹಿಂದೆ ಜಗಲಿ, ಕಿಟಕಿಗಳ ಮೇಲೆ ಚೂಪಾದ ಮರದ ಹೊದಿಕೆ. ಬೆಂಗಳೂರಿನವರು ‘ಮಂಕಿ ಟಾಪ್’ ಎಂದು ಕರೆಯುವುದು ಇದನ್ನೇ. ಅಡುಗೆಮನೆ, ಕುದುರೆಲಾಯ, ಆಳುಗಳ ಸಾಲುಮನೆಗಳೆಲ್ಲ ಹಿತ್ತಲಿನಲ್ಲಿ, ಮುಂಬಾಗಿಲಿಗೆ ಕಾಣದಂತೆ.

1896ರಲ್ಲಿ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಆಗ ಕಿರಿಯ ಸೇನಾಧಿಕಾರಿ. ಇನ್ನಿಬ್ಬರು ಅಧಿಕಾರಿಗಳ ಜೊತೆ ಸೇರಿ ಒಂದು ಬಂಗಲೆ ಹಿಡಿದ. ಗುಲಾಬಿ ತೋಟ, ಚಿಟ್ಟೆಗಳ ಸಂಗ್ರಹ, ಪೋಲೋ ಆಟ, ಮಧ್ಯಾಹ್ನದ ಬಿಸಿಲಿನಲ್ಲಿ ಚರಿತ್ರೆಯ ದಪ್ಪ ದಪ್ಪ ಪುಸ್ತಕಗಳ ಓದು, ಹೀಗೆ ಅವನ ದಿನಗಳು ಕಳೆದವು. ಸಾಲ ಮಾಡಿಯೂ ದೊರೆಯಂತೆ ಬದುಕಲು ಸಾಧ್ಯವಾಗಿದ್ದು ಹಿತ್ತಲಿನ ಆಳುಗಳ ದಂಡಿನಿಂದ. ಬಟ್ಲರ್, ಅಡುಗೆಯವನು, ಧೋಬಿ, ಕುದುರೆ ನೋಡಿಕೊಳ್ಳುವವನು, ಮಾಲಿ, ನೀರು ಹೊರುವವನು ಎಲ್ಲರೂ ಬೇಕಾಗಿತ್ತು.

ಈ ಕೆಲಸಗಾರರಲ್ಲಿ ಹಲವರು ಮದರಾಸು ಸೈನ್ಯದ ಬೆನ್ನಿಗೆ ಬಂದ ತಮಿಳರು, ತೆಲುಗರು, ಉರ್ದು ಮಾತಿನವರು. ಹಿತ್ತಲಿನಲ್ಲಿ ಜಾಗ ಸಿಗದವರು ಹಲಸೂರಿನಲ್ಲಿ, ಇಂದು ಶಿವಾಜಿನಗರವೆನ್ನುವ ಬ್ಲಾಕ್‌ಪಲ್ಲಿಯಲ್ಲಿ ಒತ್ತೊತ್ತಾಗಿ ನೆಲಸಿದರು. 1898ರಲ್ಲಿ ಪ್ಲೇಗ್ ಬಂದಾಗ ಈ ಇಕ್ಕಟ್ಟು ಎಲ್ಲರ ಕಣ್ಣಿಗೂ ಬಿತ್ತು. ಪೇಟೆಯ ಕಡೆ ಬಸವನಗುಡಿ, ಮಲ್ಲೇಶ್ವರಗಳು ಹುಟ್ಟಿದವು. ದಂಡಿನ ಕಡೆ ಕೆಲವು ವರ್ಷಗಳ ನಂತರ ಫ್ರೇಜರ್ ಟೌನ್ ಎದ್ದಿತು. ಬಂಗಲೆಯ ಗೇಟು ಆಳುಗಳನ್ನು ರಾತ್ರಿ ಹೊರಗೆ ಕಳುಹಿಸಬಹುದು, ಆದರೆ ರೋಗಕ್ಕೆ ಗೇಟು ಹಾಕಲಾಗದು ಎಂಬುದು ಆಡಳಿತಕ್ಕೆ ಅರ್ಥವಾದದ್ದು ಆಗಲೇ.

ಕ್ಲಬ್ಬಿನ ಬಾಗಿಲು

ದಂಡಿನ ಪ್ರತಿಷ್ಠೆಗೆ ಮುಕುಟವೆಂದರೆ ರೆಸಿಡೆನ್ಸಿ ರಸ್ತೆಯ ಕ್ಲಬ್ಬು. 1868ರಲ್ಲಿ ‘ಬೆಂಗಳೂರು ಯುನೈಟೆಡ್ ಸರ್ವಿಸ್ ಕ್ಲಬ್’ ಎಂದು ಆರಂಭವಾದ ಇದು 1946ರಲ್ಲಿ ‘ಬೆಂಗಳೂರು ಕ್ಲಬ್’ ಆಯಿತು. ಚರ್ಚಿಲ್ ಇಲ್ಲಿ ಹದಿಮೂರು ರೂಪಾಯಿ ಬಾಕಿ ಉಳಿಸಿ ಹೋದ. ವಸೂಲಾಗದ ಸಾಲಗಳ ಪಟ್ಟಿಯಲ್ಲಿ ಅವನ ಹೆಸರನ್ನು 1899ರಲ್ಲಿ ಬರೆದಿಟ್ಟ ಲೆಕ್ಕದ ಪುಸ್ತಕ ಇಂದು ಕ್ಲಬ್ಬಿನ ಹೆಮ್ಮೆಯ ವಸ್ತು. ಇದೇ ಬಾಕಿಯನ್ನು ಒಬ್ಬ ಮಾಲಿಯೋ ಜವಾನನೋ ಉಳಿಸಿಕೊಂಡಿದ್ದರೆ ಯಾರೂ ಅದನ್ನು ಹೆಮ್ಮೆಯಿಂದ ತೋರಿಸುತ್ತಿರಲಿಲ್ಲ.

ಆಳುವವರ ಕ್ಲಬ್ಬುಗಳು ಭಾರತೀಯರಿಗೆ ಬಾಗಿಲು ತೆರೆಯುತ್ತಿರಲಿಲ್ಲ. ಈ ಅಪಮಾನಕ್ಕೆ ಬೆಂಗಳೂರಿನ ಗಣ್ಯರು ಕೊಟ್ಟ ಉತ್ತರ ಕುತೂಹಲಕರವಾದದ್ದು. ಅವರು ತಮ್ಮದೇ ಇನ್ನೊಂದು ಕ್ಲಬ್ಬು ಕಟ್ಟಿದರು. 1917ರಲ್ಲಿ ದಿವಾನ್ ಎಂ. ವಿಶ್ವೇಶ್ವರಯ್ಯನವರ ಮುಂದಾಳ್ತನದಲ್ಲಿ ಕಬ್ಬನ್ ಪಾರ್ಕಿನ ಅಂಚಿನಲ್ಲಿ ಸೆಂಚುರಿ ಕ್ಲಬ್ ಆರಂಭವಾಯಿತು. ಮೊದಲ ಸದಸ್ಯರು ನೂರು ಮಂದಿ, ಅದಕ್ಕೇ ಆ ಹೆಸರು. ಅದರಲ್ಲಿ ಸ್ವಾಭಿಮಾನವಿತ್ತು, ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಆದರೆ ನೂರು ಮಂದಿಯ ಪಟ್ಟಿಗೂ ಒಂದು ಹೊರಗು ಇದ್ದೇ ಇರುತ್ತದೆ.

ಹಳೆಯ ನಿಯಮಗಳ ಆಯುಸ್ಸು ದೊಡ್ಡದು. ಪಂಚೆಯುಟ್ಟವರನ್ನು ಕ್ಲಬ್ಬುಗಳು ಬಾಗಿಲಲ್ಲೇ ತಡೆಯುವುದನ್ನು ನಿಲ್ಲಿಸಲು ನೆರೆಯ ತಮಿಳುನಾಡು ಒಂದು ಕಾನೂನನ್ನೇ ಮಾಡಬೇಕಾಗಿ ಬಂತು. ಅದೂ 2014ರಲ್ಲಿ, ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರಿಗೇ ಚೆನ್ನೈಯ ಕ್ಲಬ್ಬೊಂದರಲ್ಲಿ ಪ್ರವೇಶ ಸಿಗದೆ ಹೋದ ಮೇಲೆ.

ರಸ್ತೆಗೆ ಹೆಸರು ಕೊಟ್ಟ ಚಿನ್ನ

ಲ್ಯಾವೆಲ್ ಎಂಬುದು ಗವರ್ನರನ ಹೆಸರಲ್ಲ, ಜನರಲ್ಲನ ಹೆಸರೂ ಅಲ್ಲ. ಮೈಕೆಲ್ ಲ್ಯಾವೆಲ್ ಐರ್ಲೆಂಡಿನ ಒಬ್ಬ ಸಿಪಾಯಿ. ನ್ಯೂಜಿಲೆಂಡಿನ ಯುದ್ಧದಲ್ಲಿ ಹೋರಾಡಿ ಬಂದು ಬೆಂಗಳೂರಿನ ದಂಡಿನಲ್ಲಿ ನೆಲಸಿದ್ದ. ಆ ದೇಶದಲ್ಲಿ ಚಿನ್ನದ ಹುಚ್ಚನ್ನು ಕಣ್ಣಾರೆ ಕಂಡಿದ್ದವನಿಗೆ ಇಲ್ಲಿ 1804ರ ಒಂದು ಹಳೆಯ ವರದಿ ಸಿಕ್ಕಿತು. ಅದನ್ನು ಬರೆದವನು ಲೆಫ್ಟಿನೆಂಟ್ ಜಾನ್ ವಾರನ್. ಗಡಿ ಅಳೆಯಲು ಕೋಲಾರದ ಕಡೆ ಹೋಗಿದ್ದ ವಾರನ್‌ನ ಎದುರು ಅಲ್ಲಿನ ಹಳ್ಳಿಗರು ಮಣ್ಣು ತೊಳೆದು ಚಿನ್ನದ ಕಣಗಳನ್ನು ತೋರಿಸಿದ್ದರು. ಗುಟ್ಟು ಹಳ್ಳಿಗರದು, ವರದಿ ವಾರನ್‌ನದು, ಲಾಭದ ಲೆಕ್ಕ ಹಾಕಿದವನು ಲ್ಯಾವೆಲ್.

1871ರಲ್ಲಿ ಆತ ಕೋಲಾರಕ್ಕೆ ಹೋಗಿ ಜಾಗ ನೋಡಿದ. 1873ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿದ. 1875ರಲ್ಲಿ ಇಪ್ಪತ್ತು ವರ್ಷದ ಗಣಿ ಹಕ್ಕು ಅವನ ಕೈಗೆ ಬಂತು. ಗಣಿ ತೋಡುವಷ್ಟು ಬಂಡವಾಳ ಇರಲಿಲ್ಲವಾಗಿ ಹಕ್ಕನ್ನು ಬೇರೆಯವರಿಗೆ ಮಾರಿದ. 1880ರಿಂದ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಗಣಿಗಳನ್ನು ನಡೆಸಿತು. ದಂಡಿನಲ್ಲಿ ಲ್ಯಾವೆಲ್ ಕಟ್ಟಿಸಿದ ಮನೆಯ ಹೆಸರು ‘ಊರ್ಗಾಂ ಹೌಸ್’. ಕೋಲಾರದ ಗಣಿ ಪ್ರದೇಶದ ಒಂದು ಹಳ್ಳಿಯ ಹೆಸರು ಹೀಗೆ ಬೆಂಗಳೂರಿನ ಬಂಗಲೆಯ ಗೇಟಿಗೆ ಬಂತು, ಬಂಗಲೆಯವನ ಹೆಸರು ರಸ್ತೆಗೆ ಉಳಿಯಿತು.

ಸತ್ತೇಗಾಲ ಈ ಕಥೆಯೊಳಗೆ ಬರುವುದು ಇಲ್ಲಿಂದ. ಗಣಿಗಳು ಆಳಕ್ಕೆ ಇಳಿದಷ್ಟೂ ನೀರೆತ್ತಲು, ಅದಿರು ಮೇಲೆತ್ತಲು, ಅರೆಯಲು ಹೆಚ್ಚು ಶಕ್ತಿ ಬೇಕಾಯಿತು. ಕಲ್ಲಿದ್ದಲು ದೂರದಿಂದ ಬರಬೇಕು. ಮೈಸೂರು ಸರ್ಕಾರದ ಕಣ್ಣು ಕಾವೇರಿಯ ಮೇಲೆ ಬಿತ್ತು.

ನದಿಯ ಎರಡು ದಂಡೆ

ಸತ್ತೇಗಾಲದ ಸಮೀಪದಲ್ಲಿ ಕಾವೇರಿ ಎರಡು ಕವಲಾಗಿ, ಶಿವನಸಮುದ್ರದ ನಡುಗಡ್ಡೆಯನ್ನು ಬಳಸಿ, ಗಗನಚುಕ್ಕಿ ಮತ್ತು ಭರಚುಕ್ಕಿಯಾಗಿ ಧುಮುಕುತ್ತದೆ. ಹತ್ತೊಂಬತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ರಾಮಸ್ವಾಮಿ ಮೊದಲಿಯಾರ್ ಎಂಬುವವರು ಇಲ್ಲಿನ ಹಾಳುಬಿದ್ದ ಸೇತುವೆಗಳನ್ನೂ ದೇವಾಲಯಗಳನ್ನೂ ಸ್ವಂತ ಹಣದಿಂದ ಎತ್ತಿ ನಿಲ್ಲಿಸಿದರು. ಅದಕ್ಕಾಗಿ ಅವರಿಗೆ ಜಹಗೀರು ದೊರೆಯಿತು. ಕಲ್ಲುಕಂಬಗಳ ಮೇಲೆ ನಿಂತ ಆ ಸೇತುವೆಗೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು, ಜನರ ಬಾಯಲ್ಲಿ ಅದು ವೆಸ್ಲಿ ಸೇತುವೆಯಾಯಿತು.

ಸತ್ತೇಗಾಲವಿದ್ದ ಕೊಳ್ಳೇಗಾಲ ತಾಲ್ಲೂಕು ಆಗ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಚೆ ದಂಡೆ ಮೈಸೂರು ಸಂಸ್ಥಾನ. ಬೆಂಗಳೂರಿನಲ್ಲಿ ಪಾರ್ಕು ಮಾಡಿದ ಕೆಲಸವನ್ನು ಇಲ್ಲಿ ನದಿ ಮಾಡುತ್ತಿತ್ತು. ಎರಡೂ ಕಡೆ ಕನ್ನಡದ ಜನ, ಆದರೆ ಸರ್ಕಾರ ಬೇರೆ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗಲೇ ಕೊಳ್ಳೇಗಾಲ ಕನ್ನಡ ರಾಜ್ಯಕ್ಕೆ ಸೇರಿದ್ದು.

ಮೈಸೂರಿನ ಕಡೆಯ ದಂಡೆಯಲ್ಲಿ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯರ್ ಅವರ ಯೋಜನೆಯಂತೆ, ಜಲವಿದ್ಯುತ್ ಕೇಂದ್ರ ಎದ್ದಿತು. 1902ರ ಜೂನ್ 30ರಂದು ಇಲ್ಲಿಂದ 147 ಕಿಲೋಮೀಟರ್ ದೂರದ ಕೋಲಾರ ಗಣಿಗಳಿಗೆ ವಿದ್ಯುತ್ ಹರಿಯಿತು. ಆ ಕಾಲಕ್ಕೆ ಇದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಮೂರು ವರ್ಷದ ನಂತರ, 1905ರ ಆಗಸ್ಟ್ 5ರಂದು, ಬೆಂಗಳೂರಿನ ಬೀದಿಗಳಲ್ಲಿ ವಿದ್ಯುತ್ ದೀಪ ಹೊತ್ತಿತು. ಬೇಸಿಗೆಯಲ್ಲಿ ನದಿ ಬಡವಾದಾಗ ಗಣಿಗೆ ಶಕ್ತಿ ಸಾಲದೆಂಬುದೂ 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಗಲು ಒಂದು ಮುಖ್ಯ ಕಾರಣ.

ಸರದಿಯನ್ನು ಗಮನಿಸಬೇಕು. ಮೊದಲು ಗಣಿ, ಆಮೇಲೆ ನಗರ. ನದಿಯ ಇಕ್ಕೆಲದ ಹಳ್ಳಿಗಳ ಸರದಿ ಬಂದದ್ದು ದಶಕಗಳ ನಂತರ. ಶೇಷಾದ್ರಿ ಅಯ್ಯರ್ ಅವರ ದೂರದೃಷ್ಟಿಯನ್ನು ಇದು ಕಡಿಮೆ ಮಾಡುವುದಿಲ್ಲ, ಆ ಕೇಂದ್ರವಿಲ್ಲದೆ ಮೈಸೂರು ರಾಜ್ಯದ ಕೈಗಾರಿಕೆಯೇ ಇಲ್ಲ. ಆದರೂ ಜಲಪಾತದ ಸದ್ದು ಕೇಳುತ್ತ ಮಲಗುವ ಊರಿಗಿಂತ ಮೊದಲು ದೂರದ ಊರಿಗೆ ಬೆಳಕು ತಲುಪಿತೆಂಬುದು ಚರಿತ್ರೆ.

ನೀರಿನ ಕಥೆಯೂ ಇದೇ. ದಂಡಿಗೆ 1882ರಲ್ಲಿ ಸ್ಯಾಂಕಿ ಕೆರೆ, ನಗರಕ್ಕೆ 1896ರಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ. ಯಾವುದೂ ಸಾಲದೆ 1974ರಲ್ಲಿ ಕಾವೇರಿಯ ನೀರು ಬಂತು. ಅದು ಶುದ್ಧವಾಗಿ ಹೊರಡುವುದು ಶಿವನಸಮುದ್ರಕ್ಕೆ ಸಮೀಪದ ತೊರೆಕಾಡನಹಳ್ಳಿಯಿಂದ. ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರ್ ಎತ್ತರಕ್ಕೆ ಪಂಪುಗಳು ಅದನ್ನು ತಳ್ಳುತ್ತವೆ. ಈ ನೀರು ಇಡೀ ಬೆಂಗಳೂರಿನದು ನಿಜ, ಆದರೆ ಎಲ್ಲರಿಗೂ ಒಟ್ಟಿಗೆ ಸಿಗಲಿಲ್ಲ. ಹಳೆಯ ನಡುಭಾಗಕ್ಕೆ ಕೊಳಾಯಿ ಎಂದೋ ಬಂದಿತ್ತು. 2007ರಲ್ಲಿ ನಗರಪಾಲಿಕೆಗೆ ಸೇರಿದ ಅಂಚಿನ 110 ಹಳ್ಳಿಗಳಿಗಾಗಿ ಮಾಡಿದ ಐದನೆಯ ಹಂತದ ಯೋಜನೆ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ಹದಿನೇಳು ವರ್ಷ ಅವರ ಪಾಲಿಗೆ ಬೋರ್‌ವೆಲ್ಲು, ಟ್ಯಾಂಕರುಗಳೇ ಗತಿ.

ಕಾವಲುಗಾರ ಬದಲಾದ

1947ರಲ್ಲಿ ದಂಡು ಮೈಸೂರಿಗೆ ಮರಳಿತು. 1948ರಲ್ಲಿ ಸೌತ್ ಪೆರೇಡ್ ಮಹಾತ್ಮ ಗಾಂಧಿ ರಸ್ತೆಯಾಯಿತು. 1949ರಲ್ಲಿ ಎರಡು ಮುನಿಸಿಪಾಲಿಟಿಗಳು ಕೂಡಿ ಒಂದು ಕಾರ್ಪೊರೇಷನ್ ಆಯಿತು. ಕಾಗದದ ಮೇಲೆ ಗೆರೆ ಅಳಿಸಿಹೋಯಿತು. ಬಂಗಲೆಗಳು ಕೈಬದಲಾದವು. ಉದ್ಯಮಿಗಳು, ಕಾಫಿ ತೋಟದ ಮಾಲೀಕರು, ವಕೀಲರು, ವೈದ್ಯರು ಬಂದರು. ಸಾಮಾನ್ಯರಿಗೂ ಈ ಬೀದಿಗಳು ಒಂದಿಷ್ಟು ತೆರೆದುಕೊಂಡವು. ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ನಲ್ಲಿ ಒಂದು ಕಾಫಿಗೆ ಗಂಟೆಗಟ್ಟಲೆ ಹರಟಿದವರು, ಲ್ಯಾವೆಲ್ ರಸ್ತೆಯ ಬದಿಯ ಏರ್‌ಲೈನ್ಸ್ ಹೋಟೆಲಿನಲ್ಲಿ ಮರದ ನೆರಳಲ್ಲಿ ಕೂತು ದೋಸೆ ತಿಂದವರು ಬೇಕಾದಷ್ಟು ಮಂದಿ.

ಆದರೆ ಸರ್ಕಾರ ಬಿಟ್ಟ ಜಾಗದಲ್ಲಿ ಬೆಲೆ ಬಂದು ನಿಂತಿತು. ನೆಲದ ಬೆಲೆ ಏರಿದಂತೆ ಒಂದೊಂದಾಗಿ ಬಂಗಲೆಗಳು ಉರುಳಿ ಅಪಾರ್ಟ್‌ಮೆಂಟುಗಳು ಎದ್ದವು. ಹಿಂದೆ ಗ್ರಾಂಟ್ ರಸ್ತೆಯಾಗಿದ್ದ ವಿಠಲ್ ಮಲ್ಯ ರಸ್ತೆಯಲ್ಲಿ ಬಿಯರ್ ಕಂಪನಿಯ ಹಳೆಯ ಜಾಗದಲ್ಲಿ 2008ರಲ್ಲಿ ಯುಬಿ ಸಿಟಿ ಬಾಗಿಲು ತೆರೆಯಿತು. ಅದರ ಪಕ್ಕದಲ್ಲೇ ಮೂವತ್ತಕ್ಕೂ ಹೆಚ್ಚು ಅಂತಸ್ತಿನ ಕಿಂಗ್‌ಫಿಷರ್ ಟವರ್ಸ್ ನಿಂತಿದೆ. ಹಿಂದಿನ ಕಾಂಪೌಂಡು ಅಡ್ಡಡ್ಡ ಹರಡಿತ್ತು, ಈಗಿನದು ಉದ್ದುದ್ದ ಏರಿದೆ. ಹಿತ್ತಲಿನ ಆಳುಮನೆಯ ಜಾಗದಲ್ಲಿ ಕೆಲಸದವರಿಗೆ ಬೇರೆ ಲಿಫ್ಟು ಬಂದಿದೆ. ಒಳಗೆ ಬರಬಾರದೆಂದು ಯಾರನ್ನೂ ಹುಟ್ಟಿನ ಕಾರಣಕ್ಕೆ ತಡೆಯುವ ಬೋರ್ಡಿಲ್ಲ. ಬೋರ್ಡಿನ ಕೆಲಸವನ್ನು ಚದರಡಿಯ ದರ ಮಾಡುತ್ತದೆ.

ಸಾರ್ವಜನಿಕ ಹಣವೂ ಹಳೆಯ ದಾರಿಯನ್ನು ಮರೆತಿಲ್ಲ. ಅಗಲವಾದ ಕಾಲುದಾರಿ, ನೆಲದಡಿಯ ಕೇಬಲ್ಲು, ಒಳಚರಂಡಿಗಳ ಸಮೇತ ರಸ್ತೆ ಕಟ್ಟುವ ‘ಟೆಂಡರ್ ಶ್ಯೂರ್’ ಯೋಜನೆ ಬಂದಾಗ ಮೊದಲ ಹಂತಕ್ಕೆ ಆಯ್ಕೆಯಾದ ರಸ್ತೆಗಳಲ್ಲಿ ರೆಸಿಡೆನ್ಸಿ, ಸೇಂಟ್ ಮಾರ್ಕ್ಸ್, ವಿಠಲ್ ಮಲ್ಯ ರಸ್ತೆಗಳು ಇದ್ದವು. ಕಾಲುದಾರಿಗಳು ಚೆನ್ನಾಗಿಯೇ ಇವೆ, ಅಲ್ಲಿ ಯಾರು ಬೇಕಾದರೂ ನಡೆಯಬಹುದು. ಆದರೆ ದಿನಕ್ಕೆ ನಾಲ್ಕು ಮೈಲಿ ನಡೆದೇ ಕೆಲಸಕ್ಕೆ ಹೋಗುವವರ ಬಡಾವಣೆಗೆ ಅಂಥ ಕಾಲುದಾರಿ ಯಾವಾಗ ಎಂಬ ಪ್ರಶ್ನೆ ಉಳಿದೇ ಇದೆ.

ಆಳುವವರು ಬಿಟ್ಟುಹೋದ ಎರಡು ಆಸ್ತಿಗಳು ಇಲ್ಲಿ ಅಕ್ಕಪಕ್ಕದಲ್ಲೇ ಇವೆ. ಒಂದು ಕ್ಲಬ್ಬು, ಇನ್ನೊಂದು ಪಾರ್ಕು. ಕ್ಲಬ್ಬಿಗೆ ಸದಸ್ಯತ್ವ ಬೇಕು, ಪಾರ್ಕಿಗೆ ಬೇಡ. ಒಂದು ಕಾಲಕ್ಕೆ ಎರಡು ಊರುಗಳನ್ನು ಬೇರೆ ಮಾಡಿದ್ದ ಕಬ್ಬನ್ ಪಾರ್ಕೇ ಇಂದು ಎಲ್ಲ ಬಡಾವಣೆಗಳ ಜನ ಕಲೆಯುವ ತಾಣ. 1998ರಲ್ಲಿ ಅದರ ಎಲ್ಲೆ ಕಡಿತಗೊಳಿಸಲು ಸರ್ಕಾರ ಮುಂದಾದಾಗ ನಾಗರಿಕರು ಬೀದಿಗಿಳಿದು ಪ್ರತಿಭಟಿಸಿದರು. ನಗರದ ನಡುಮಧ್ಯದ ನೆಲ ಯಾರದು ಎಂಬ ಪ್ರಶ್ನೆಗೆ ಜನ ಅಂದು ತಮ್ಮ ಉತ್ತರ ಕೊಟ್ಟರು.

ಇತ್ತ ಸತ್ತೇಗಾಲದ ಹಳೆಯ ಸೇತುವೆಯ ಒಂದು ಭಾಗ 2018ರ ನೆರೆಯಲ್ಲಿ ಕೊಚ್ಚಿಹೋಯಿತು. ಕೋಲಾರದ ಚಿನ್ನದ ಗಣಿಗಳು 2001ರಲ್ಲೇ ಮುಚ್ಚಿದವು. ಲ್ಯಾವೆಲ್ ರಸ್ತೆಯ ಹೆಸರು ಮಾತ್ರ ಹಾಗೆಯೇ ಇದೆ. ಕಾವೇರಿಯ ನೀರು ಈಗಲೂ ರಾತ್ರಿ ಹಗಲು ಪಂಪಿನ ಬಲದಿಂದ ಬೆಂಗಳೂರಿಗೆ ಏರುತ್ತದೆ. ಪ್ರತಿಷ್ಠಿತ ಬಡಾವಣೆಯ ಮೂವತ್ತನೆಯ ಅಂತಸ್ತಿನಲ್ಲಿ ಕೊಳಾಯಿ ತಿರುಗಿಸಿದರೆ ಬರುವುದೂ ಇದೇ ನದಿಯ ನೀರು. ಹೊರಗಿನವರು ಬೇಡವೆನ್ನುವ ಜಾಗ ಹೊರಗಿನದನ್ನು ಬಿಟ್ಟು ಒಂದು ದಿನವೂ ನಡೆಯಲಾರದು. ಆ ಋಣದ ಲೆಕ್ಕವನ್ನು ಹದಿಮೂರು ರೂಪಾಯಿ ಬಾಕಿಯ ಹಾಗೆ ಯಾರೂ ಬರೆದಿಟ್ಟಿಲ್ಲ, ಅಷ್ಟೆ.